ನಮಾಜಿನ ಅರಬ್ಬಿಯನ್ನು ನಾನು ಪದ ಪದವಾಗಿ ಕಲಿತದ್ದು

ನಾನಿ, ಅಂದರೆ ಅಮ್ಮನ ಅಮ್ಮ, ನನಗೆ ಕುರ್‌ಆನಿನ ಮೊದಲ ಅಧ್ಯಾಯವಾದ ಸೂರೆ ಫಾತಿಹಾ ಬಾಯಿಪಾಠ ಮಾಡಿಸಿದಾಗ ನನಗೆ ಆರು ವರ್ಷ. ಅದರಲ್ಲಿ ಏನಿದೆ ಅಂತ ಪೂರ್ತಿ ತಿಳಿದದ್ದು ನಲವತ್ತೆರಡನೇ ವಯಸ್ಸಿನಲ್ಲಿ. ನಡುವೆ ಅಷ್ಟು ವರ್ಷ ಅದನ್ನು ಓದುತ್ತಲೇ ಇದ್ದೆ. ಐದು ಹೊತ್ತಿನ ಫರ್ಜ್ (ಕಡ್ಡಾಯ) ನಮಾಜಿನಲ್ಲಿ ಒಟ್ಟು 17 ರಕಾತ್ (ನಿಂತು, ಬಾಗಿ, ಹಣೆ ನೆಲಕ್ಕಿಡುವ ಒಂದು ಸುತ್ತು ಒಂದು ರಕಾತ್), ಒಂದೊಂದು ರಕಾತಿಗೂ ಒಂದು ಫಾತಿಹಾ. ನಮಾಜು ಇಲ್ಲದ ಮುಟ್ಟಿನ ದಿನಗಳನ್ನು ಕಳೆದರೂ ವರ್ಷಕ್ಕೆ ಸುಮಾರು 5,000 ಸಲ ಆಗುತ್ತದೆ. ಮಸೀದಿಯಲ್ಲಿ ನಮಾಜು ನಡೆಸುವ ಇಮಾಮರ ಹಿಂದೆ ನಿಂತ ಗಂಡಸರು ನಮ್ಮ ಹನಫಿ ಪದ್ಧತಿಯಲ್ಲಿ ಫಾತಿಹಾ ಓದುವುದಿಲ್ಲ, ಇಮಾಮರೇ ಓದುತ್ತಾರೆ. ಮನೆಯಲ್ಲಿ ನಮಾಜು ಮಾಡುವ ನಮ್ಮಂಥ ಹೆಂಗಸರು ಎಲ್ಲವನ್ನೂ ನಮ್ಮ ಬಾಯಿಂದಲೇ ಹೇಳಬೇಕು.

ನಾನು ದಾವಣಗೆರೆ ಕಡೆಯವಳು. ಮನೆಯಲ್ಲಿ ಮಾತಾಡುವುದು ದಖ್ಖನಿ, ನಮ್ಮ ಕಡೆಯ ಉರ್ದು. ಕೆಲಸ ಹೈಸ್ಕೂಲಿನಲ್ಲಿ ಕನ್ನಡ ಪಾಠ. ಒಂದು ದಿನ ಸ್ಟಾಫ್ ರೂಮಿನಲ್ಲಿ ಊಟ ಮಾಡುವಾಗ ವಿಜ್ಞಾನದ ಮೇಡಂ ಕೇಳಿದರು: "ಮೇಡಂ, ನೀವು ನಮಾಜಲ್ಲಿ ಏನು ಹೇಳ್ತೀರಿ?" ದೇವರನ್ನು ಹೊಗಳೋದು ಅಂದೆ. "ಏನಂತ ಹೊಗಳ್ತೀರಿ?" ಅಂದರು. ಅವರು ಆಸಕ್ತಿಯಿಂದಲೇ ಕೇಳಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಳಗನ್ನಡದ ಪದ್ಯ ಬಂದರೆ ಮಕ್ಕಳಿಗೆ ಒಂದೊಂದು ಪದ ಬಿಡಿಸಿ ಹೇಳುವವಳು ನಾನು. ಆ ಸಂಜೆ ಮಗ್ರಿಬ್ ನಮಾಜಿನಲ್ಲಿ ಕಣ್ಣು ತುಂಬಿ ಬಂತು.

ಮೊದಲು ಮಾಡಿದ್ದು ಎಲ್ಲರೂ ಮಾಡುವಂಥದ್ದೇ. ಮಂಗಳೂರಿನ ಶಾಂತಿ ಪ್ರಕಾಶನದ ಕನ್ನಡ ಕುರ್‌ಆನ್ ಅನುವಾದ ತಂದು, ಫಾತಿಹಾದ ಅರ್ಥ ಬಾಯಿಪಾಠ ಮಾಡಿದೆ. ನಮಾಜಿನಲ್ಲಿ ಬಾಯಲ್ಲಿ ಅರಬ್ಬಿ, ಮನಸ್ಸಿನಲ್ಲಿ ಕನ್ನಡ ಓಡಿಸಲು ನೋಡಿದೆ. ಸರಿಹೋಗಲಿಲ್ಲ. ಕನ್ನಡದ ವಾಕ್ಯ ಮುಗಿಯುವ ಮುಂಚೆ ಬಾಯಿ ಮುಂದಿನ ಆಯತಿಗೆ, ಅಂದರೆ ಸೂರೆಯ ಮುಂದಿನ ವಾಕ್ಯಕ್ಕೆ, ಹೋಗಿರುತ್ತಿತ್ತು. ಎಷ್ಟನೇ ರಕಾತ್ ಅನ್ನುವುದೇ ತಪ್ಪಿಹೋಗುತ್ತಿತ್ತು. ಎರಡೂ ಕೈತಪ್ಪಿದ ಹಾಗೆ ಅನ್ನಿಸಿತು.

ಆಗ ನಮ್ಮ ಬೀದಿಯಲ್ಲಿ ಹೆಣ್ಣುಮಕ್ಕಳಿಗೆ ಕುರ್‌ಆನ್ ಹೇಳಿಕೊಡುವ ಆಪಾ ಹತ್ತಿರ ಹೋದೆ. ಅವರು ಹೇಳಿದ್ದು ಇಷ್ಟೇ: ವಾಕ್ಯ ಬಿಡಿ, ಪದ ಹಿಡೀರಿ. ವಾರಕ್ಕೆ ಒಂದು ತುಂಡು. ಅರ್ಥವನ್ನು ನಮಾಜಿನ ಹೊರಗೆ ಕಲಿಯಿರಿ. ಒಳಗೆ ಹೋದ ಮೇಲೆ ಆ ಒಂದು ಪದ ಬಂದಾಗ ಮಾತ್ರ ಎಚ್ಚರ ಇರಲಿ, ಸಾಕು. ಮತ್ತೆ, ಫಾತಿಹಾದಿಂದ ಶುರು ಮಾಡಬೇಡಿ, ರುಕೂ ಸಜ್ದಾದಿಂದ ಶುರು ಮಾಡಿ ಅಂದರು. ಅಲ್ಲಿ ಹೇಳುವುದು ಮೂರೇ ಪದ, ಮೂರು ಸಲ.

ರುಕೂನಲ್ಲಿ ಬಾಗಿ ಹೇಳುವುದು 'ಸುಬ್‌ಹಾನ ರಬ್ಬಿಯಲ್ ಅಜೀಮ್'. ಸಜ್ದಾದಲ್ಲಿ ಹಣೆ ನೆಲಕ್ಕಿಟ್ಟು ಹೇಳುವುದು 'ಸುಬ್‌ಹಾನ ರಬ್ಬಿಯಲ್ ಅಅಲಾ'. ಯಾವ ಕುಂದೂ ಇಲ್ಲದವನು ನನ್ನ ರಬ್, ಅಂದರೆ ನನ್ನನ್ನು ಸಾಕುವ ಒಡೆಯ. ಮೊದಲನೆಯದರಲ್ಲಿ ಅವನು ಅಜೀಮ್, ಮಹಾನ್. ಎರಡನೆಯದರಲ್ಲಿ ಅಅಲಾ, ಎಲ್ಲಕ್ಕಿಂತ ಮೇಲಿನವನು. ನನ್ನ ಹಣೆ ಇನ್ನು ಕೆಳಗೆ ಹೋಗಲು ಜಾಗವೇ ಇಲ್ಲದ ಹೊತ್ತಿನಲ್ಲಿ ಬಾಯಿ 'ಎಲ್ಲಕ್ಕಿಂತ ಮೇಲೆ' ಅನ್ನುತ್ತದೆ. ಇದು ಗೊತ್ತಾದ ವಾರ ನನ್ನ ಸಜ್ದಾಗಳು ಉದ್ದವಾದವು. ಆ ಪುಟ್ಟ 'ಯ' ನೋಡಿ, 'ರಬ್ಬಿ' ಅಂದರೆ ನನ್ನ ರಬ್. ಇಷ್ಟು ವರ್ಷ ಅವನನ್ನು ನನ್ನವನು ಅಂತ ಕರೆಯುತ್ತಲೇ ಇದ್ದೆ, ನನಗೇ ಗೊತ್ತಿರಲಿಲ್ಲ.

ಫಾತಿಹಾಕ್ಕೆ ಬಂದಾಗ ಮೊದಲು ಸರಿ ಮಾಡಿಕೊಳ್ಳಬೇಕಾದದ್ದು ಉಚ್ಚಾರ. ನಾನು ಕನ್ನಡ ಲಿಪಿಯಲ್ಲಿ ಬರೆದುಕೊಂಡ ನೋಟ್‌ಬುಕ್ ತೋರಿಸಿದೆ. ಆಪಾ ಬೇಡ ಅಂದರು. ಕನ್ನಡದಲ್ಲಿ ನಮಗಿರುವುದು ಒಂದೇ ಹ, ಅರಬ್ಬಿಯಲ್ಲಿ ಎರಡು. 'ಅಲ್‌ಹಮ್ದು' ಅನ್ನುವಾಗ ಬರುವುದು ಗಂಟಲಿನ ಹ. ಕನ್ನಡಕ ಒರೆಸುವ ಮುಂಚೆ ಗಾಜಿನ ಮೇಲೆ ಬಿಸಿ ಉಸಿರು ಬಿಡುತ್ತೇವಲ್ಲ, ಆ ಜಾಗದಿಂದ ಬರಬೇಕು. ನಮ್ಮ ದಖ್ಖನಿ ನಾಲಿಗೆಗೆ ಇನ್ನೊಂದು ತೊಂದರೆ ಇದೆ. ಗಂಟಲಿನ ಆಳದಿಂದ ಬರಬೇಕಾದ 'ಕಾಫ್' ಅಕ್ಷರವನ್ನು ನಾವು ಖ ಮಾಡುತ್ತೇವೆ, 'ಮುಸ್ತಕೀಮ್' ಹೋಗಿ 'ಮುಸ್ತಖೀಮ್' ಆಗುತ್ತದೆ. ಅದನ್ನು ತಿದ್ದಲು ಎರಡು ತಿಂಗಳು ಹಿಡಿಯಿತು. ಅಡುಗೆ ಮಾಡುವಾಗೆಲ್ಲ ಹೇಳಿಕೊಳ್ಳುತ್ತಿದ್ದೆ.

ಆಮೇಲೆ ಅರ್ಥ. ಉರ್ದು ಗೊತ್ತಿದೆ, ಸುಲಭ ಆಗುತ್ತೆ ಅಂದುಕೊಂಡಿದ್ದೆ. ಕೆಲವು ಕಡೆ ಅದೇ ದಾರಿ ತಪ್ಪಿಸಿತು. 'ಮಾಲಿಕಿ ಯೌಮಿದ್ದೀನ್' ಅನ್ನುವಲ್ಲಿ ದೀನ್ ಅಂದರೆ ಧರ್ಮ ಅಂತಲೇ ತಿಳಿದಿದ್ದೆ. ಇಲ್ಲಿ ಅದು ಮಾಡಿದ್ದಕ್ಕೆ ಪ್ರತಿಫಲ ಸಿಗುವ ದಿನ, ತೀರ್ಪಿನ ದಿನ. ಕೊನೆಯಲ್ಲಿ 'ಮಗ್ಜೂಬಿ' ಅಂತ ಓದುತ್ತೇವೆ, ಅದರ ಮೂಲ ಗಜಬ್. ನಮ್ಮ ಹುಡುಗರು ಸಿನಿಮಾ ನೋಡಿ ಬಂದು 'ಗಜಬ್ ಇದೆ' ಅನ್ನುತ್ತಾರಲ್ಲ, ಅದೇ ಪದ. ಅರಬ್ಬಿಯಲ್ಲಿ ಅದು ಕೋಪ.

ಆದರೆ ನನಗೆ ಜಾಸ್ತಿ ಕೈಹಿಡಿದದ್ದು ಕನ್ನಡ. ಒಂದು ಬೆಳಿಗ್ಗೆ ಹಾಜರಿ ಪುಸ್ತಕ ತುಂಬುತ್ತಿದ್ದೆ. ಮೂರು ಮಕ್ಕಳು ಗೈರು. ಬರೆಯುತ್ತಿದ್ದ ಕೈ ಅಲ್ಲೇ ನಿಂತಿತು. 'ಗೈರಿಲ್ ಮಗ್ಜೂಬಿ ಅಲೈಹಿಮ್', ಕೋಪಕ್ಕೆ ಗುರಿಯಾದವರ ದಾರಿ ಅಲ್ಲದ್ದು. ಆ 'ಗೈರ್', ಗೈರುಹಾಜರಿಯ ಗೈರು, ಎರಡೂ ಒಂದೇ! 'ಅಲ್ಲದ' ಅನ್ನುವ ಅರ್ಥ. ಅವತ್ತು ಸಂಜೆ ಕೂತು ಹುಡುಕಿದೆ. 'ಮಾಲಿಕಿ' ನಮ್ಮ ಮಾಲೀಕ. 'ಅನ್‌ಅಮ್‌ತ', ನೀನು ಅನುಗ್ರಹ ಮಾಡಿದೆ ಅನ್ನುವ ಕ್ರಿಯಾಪದದಿಂದಲೇ ನಮ್ಮ ಇನಾಮು ಬಂದಿದೆ, ಇನಾಮು ಜಮೀನಿನ ಇನಾಮು. ಏಳು ಆಯತಿನ ಸೂರೆಯಲ್ಲಿ ಮೂರು ಪದ ನಮ್ಮ ತಾಲೂಕು ಕಚೇರಿಯಲ್ಲೂ ಶಾಲೆಯಲ್ಲೂ ದಿನವೂ ಓಡಾಡುತ್ತಿವೆ. ಯಾವುದೋ ದೂರದ ಭಾಷೆ ಅಂದುಕೊಂಡಿದ್ದೆನಲ್ಲ, ಅದು ನನ್ನ ಮೇಜಿನ ಮೇಲೇ ಇತ್ತು.

ನಡುವಿನ ಆಯತಿನಲ್ಲಿ ನನ್ನ ವ್ಯಾಕರಣ ಪಾಠವೂ ಕೆಲಸಕ್ಕೆ ಬಂತು. ಶುರುವಿನ ಆಯತುಗಳಲ್ಲಿ ದೇವರು ಪ್ರಥಮ ಪುರುಷ, 'ಅವನು'. ಎಲ್ಲ ಲೋಕಗಳ ಪಾಲಕ, ಕರುಣಾಮಯಿ, ತೀರ್ಪಿನ ದಿನದ ಒಡೆಯ. 'ಇಯ್ಯಾಕ ನಅಬುದು ವ ಇಯ್ಯಾಕ ನಸ್ತಈನ್' ಅನ್ನುವಲ್ಲಿ ಒಮ್ಮೆಗೇ ಮಧ್ಯಮ ಪುರುಷ, 'ನೀನು'. ದೂರದಿಂದ ಗುಣ ಹೇಳುತ್ತಿದ್ದವಳು ಎದುರಿಗೇ ಬಂದು ನಿಂತ ಹಾಗೆ. 'ಇಯ್ಯಾಕ' ವಾಕ್ಯದ ಮೊದಲಿಗೆ ಬಂದಿರುವುದು ಒತ್ತು ಕೊಡಲಿಕ್ಕೆ. ಅರಬ್ಬಿ ಪದವನ್ನು ಮುಂದೆ ತಂದು ಮಾಡುವ ಕೆಲಸವನ್ನು ಕನ್ನಡ ಒಂದು 'ಏ'ಕಾರದಲ್ಲಿ ಮಾಡುತ್ತದೆ: ನಿನ್ನನ್ನೇ ಆರಾಧಿಸುತ್ತೇವೆ, ನಿನ್ನಲ್ಲೇ ಸಹಾಯ ಬೇಡುತ್ತೇವೆ. ಕ್ರಿಯಾಪದ ಬಹುವಚನದಲ್ಲಿದೆ, ಗಮನಿಸಿ. ಅಡುಗೆಮನೆ ಪಕ್ಕದ ಕೋಣೆಯಲ್ಲಿ ಒಬ್ಬಳೇ ನಿಂತಿದ್ದರೂ 'ನಾವು' ಅಂತಲೇ ಹೇಳಬೇಕು.

ಆಪಾ ಇಲ್ಲಿ ಒಂದು ಹದೀಸ್, ಅಂದರೆ ಪ್ರವಾದಿಯವರ ಮಾತು, ಹೇಳಿದರು. ಹದೀಸ್ ಸಂಗ್ರಹವಾದ ಸಹೀಹ್ ಮುಸ್ಲಿಮ್‌ನಲ್ಲಿದೆ. ನಮಾಜನ್ನು ನನಗೂ ನನ್ನ ದಾಸನಿಗೂ ಅರ್ಧರ್ಧ ಹಂಚಿದ್ದೇನೆ ಅಂತ ಅಲ್ಲಾಹ್ ಹೇಳುತ್ತಾನೆ, ಫಾತಿಹಾದ ಒಂದೊಂದು ಆಯತಿಗೂ ಅವನ ಉತ್ತರ ಇದೆ ಅಂತ. ಇದನ್ನು ಕೇಳಿದ ಮೇಲೆ ನಾನು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಓದುವುದು ಬಿಟ್ಟೆ. ಆಯತು ಮುಗಿದಾಗ ಒಂದು ಕ್ಷಣ ನಿಲ್ಲುತ್ತೇನೆ. ಇಡೀ ಕಲಿಕೆಯಲ್ಲಿ ನನ್ನ ನಮಾಜನ್ನು ನಿಜವಾಗಿ ಬದಲಾಯಿಸಿದ್ದು ಈ ನಿಲ್ಲುವಿಕೆ.

"ಇಷ್ಟು ಕಷ್ಟ ಯಾಕೆ, ಕನ್ನಡದಲ್ಲೇ ಮಾಡಬಹುದಲ್ವಾ?" ಅಂತ ಅದೇ ವಿಜ್ಞಾನದ ಮೇಡಂ ಮತ್ತೊಮ್ಮೆ ಕೇಳಿದರು. ಒಳ್ಳೆಯ ಪ್ರಶ್ನೆ. ಇದು ಹಳೆಯದೂ ಹೌದು. ನಾವು ಅನುಸರಿಸುವ ಹನಫಿ ಪದ್ಧತಿಯ ಗುರು ಇಮಾಮ್ ಅಬೂ ಹನೀಫಾ ಪರ್ಷಿಯನ್ ಮೂಲದ ಮನೆತನದವರು, ತೀರಿಕೊಂಡದ್ದು 767ರಲ್ಲಿ. ನಮಾಜಿನಲ್ಲಿ ಪರ್ಷಿಯನ್ ಭಾಷೆಯಲ್ಲಿ ಓದಿದರೂ ನಡೆಯುತ್ತದೆ ಅಂತ ಅವರು ಮೊದಲು ಹೇಳಿದ್ದರು. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಶೈಬಾನಿ ಅರಬ್ಬಿ ಬಾರದವರಿಗೆ ಮಾತ್ರ ಅದು ಸಲ್ಲುತ್ತದೆ ಅಂದರು. ಕೊನೆಗೆ ಗುರುಗಳೂ ಶಿಷ್ಯರ ಮಾತಿಗೇ ಬಂದರು ಅಂತ ಹನಫಿ ಗ್ರಂಥಗಳು ಹೇಳುತ್ತವೆ. ಟರ್ಕಿಯಲ್ಲಿ 1932ರಿಂದ 1950ರ ತನಕ ಅಜಾನ್ ಟರ್ಕಿಶ್ ಭಾಷೆಯಲ್ಲೇ ಆಗಬೇಕಿತ್ತು. ಆ ಕಟ್ಟಳೆ ಹೋದ ಕೂಡಲೇ ಜನ ಅರಬ್ಬಿಗೆ ಮರಳಿದರು.

ನನ್ನ ಅಭಿಪ್ರಾಯ ಹೇಳುತ್ತೇನೆ. 'ರಬ್' ಪದಕ್ಕೆ ಕನ್ನಡದಲ್ಲಿ ಒಡೆಯ ಅಂದರೆ, ಹಂತ ಹಂತವಾಗಿ ಸಾಕಿ ಬೆಳೆಸುವವನು ಅನ್ನುವ ಅರ್ಧ ಹೋಗುತ್ತದೆ. ಪಾಲಕ ಅಂದರೆ ಒಡೆತನ ತೆಳುವಾಗುತ್ತದೆ. ಅನುವಾದ ಮಾಡಿದವರು ಒಂದನ್ನು ಆರಿಸಲೇಬೇಕು. ಮೂಲ ಪದ ಇಟ್ಟುಕೊಂಡರೆ ಎರಡೂ ನನ್ನ ಹತ್ತಿರ ಉಳಿಯುತ್ತವೆ. ಅದಕ್ಕೇ ನಮಾಜು ಅರಬ್ಬಿಯಲ್ಲೇ ಇರಲಿ ಅನ್ನುತ್ತೇನೆ, ಅರ್ಥ ಕನ್ನಡದಲ್ಲಿ ಕಲಿಯೋಣ. ಸಲಾಮ್ ಹೇಳಿ ಮುಗಿಸಿದ ಮೇಲೆ ಕೈ ಎತ್ತಿ ಕೇಳುವ ದುವಾಗೆ ಯಾವ ಭಾಷೆಯ ಕಟ್ಟೂ ಇಲ್ಲ. ಮಗಳ ಪರೀಕ್ಷೆ, ಅಮ್ಮಿಯ ಮಂಡಿನೋವು, ಎಸ್‌ಎಸ್‌ಎಲ್‌ಸಿಯಲ್ಲಿ ಹಿಂದೆ ಬಿದ್ದ ಮಕ್ಕಳು, ಎಲ್ಲ ಅಲ್ಲಿ ಬರುತ್ತದೆ. ಅರ್ಧ ದಖ್ಖನಿ, ಅರ್ಧ ಕನ್ನಡ.

ನಾನಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕಲಿತ ಹುರುಪಿನಲ್ಲಿ ಒಮ್ಮೆ ಅವರಿಗೆ, "ನಾನಿ, ಅರ್ಥ ಗೊತ್ತಿಲ್ಲದೆ ಓದಿದರೆ ಹೇಗೆ?" ಅಂದುಬಿಟ್ಟೆ. ಆಗ ಅವರಿಗೆ ಎಂಬತ್ತು ದಾಟಿತ್ತು. ಓದು ಬರಹ ಇಲ್ಲ, ಎಲ್ಲ ಕಿವಿಯಿಂದ ಕಲಿತದ್ದು. ತಸ್‌ಬೀಹ್ ಮಣಿ ಎಣಿಸುತ್ತಲೇ ಅಂದರು: "ಮೇರೇಕು ನೈ ಸಮಜ್ಯಾ ತೋ ಕ್ಯಾ, ಉಸ್ಕು ಸಮಜ್ತಾ ಹೈ ನಾ." ನನಗೆ ತಿಳಿಯದಿದ್ದರೇನು, ಅವನಿಗೆ ತಿಳಿಯುತ್ತದಲ್ಲ. ಆ ಪ್ರಶ್ನೆ ಕೇಳಬಾರದಿತ್ತು. ಚಳಿಗಾಲದ ಬೆಳಗಿನ ಫಜ್ರ್ ನಮಾಜಿಗೆ ತಣ್ಣೀರಲ್ಲಿ ಕೈಕಾಲು ಮುಖ ತೊಳೆದು ವಜೂ ಮಾಡಿ ನಿಲ್ಲುತ್ತಿದ್ದ ಅವರ ನಮಾಜು ನನ್ನದಕ್ಕಿಂತ ಕಡಿಮೆ ಅಂತ ಯಾರು ಹೇಳಿಯಾರು? ಅವರು ಬಾಯಿಗೆ ಹಾಕಿಕೊಟ್ಟಿದ್ದರಿಂದಲೇ ಇವತ್ತು ನನಗೆ ಬಿಡಿಸಲು ಪದಗಳು ಸಿಕ್ಕವು.

ಫಾತಿಹಾ, ಆಮೇಲೆ ನಮಾಜಿನಲ್ಲಿ ಕೂತು ಹೇಳುವ ಅತ್ತಹಿಯಾತ್, ದರೂದ್ ಮುಗಿಸಲು ಒಂದೂವರೆ ವರ್ಷ ಆಯಿತು. ಈಗ ರಾತ್ರಿಯ ವಿತ್ರ್ ನಮಾಜಿನಲ್ಲಿ ಹೇಳುವ ದುವಾ ಎ ಕುನೂತ್ ಅನ್ನುವ ಪ್ರಾರ್ಥನೆ ಹಿಡಿದಿದ್ದೇನೆ. ಅದು ಉದ್ದ ಇದೆ. ಮೊನ್ನೆ ರಾತ್ರಿ ಇಶಾ ನಮಾಜು ಆದ ಮೇಲೆ ಮೊದಲ ಸಾಲು ಶುರು ಮಾಡಿದೆ: 'ಅಲ್ಲಾಹುಮ್ಮ ಇನ್ನಾ ನಸ್ತಈನುಕ'. ನೋಟ್‌ಬುಕ್ ಇನ್ನೂ ತೆರೆದಿರಲಿಲ್ಲ. ಆದರೂ ನಸ್ತಈನ್ ನನಗೆ ಗೊತ್ತಿತ್ತು, ಫಾತಿಹಾದಲ್ಲಿ ಬಂದಿತ್ತಲ್ಲ. ನಿನ್ನ ಸಹಾಯ ಬೇಡುತ್ತೇವೆ.