ಥ ಯಾವುದು, ಧ ಯಾವುದು: ಮಾನಿಟರ್ ಸರಿಮಾಡಿಕೊಂಡ ನನ್ನ ಅನುಭವ

ನಾನು ಮುಂಬೈ ಹತ್ತಿರದ ಡೊಂಬಿವಲಿಯ ಮನೆಯಲ್ಲೇ ಕೂತು ಕನ್ನಡ ಪುಸ್ತಕಗಳ ಕರಡು ತಿದ್ದುತ್ತೇನೆ. ದಿನಕ್ಕೆ ಆರೇಳು ಗಂಟೆ ಸ್ಕ್ರೀನ್ ಮುಂದೆಯೇ ಇರುತ್ತೇನೆ. ಕಳೆದ ಮಳೆಗಾಲದಲ್ಲಿ ಸಂಜೆಯಾಗುವಷ್ಟರಲ್ಲಿ ಕಣ್ಣು ಉರಿಯುತ್ತಿತ್ತು, ಹುಬ್ಬಿನ ಮೇಲೆ ನೋವು. ಥ ಯಾವುದು, ಧ ಯಾವುದು ಅಂತ ಎರಡೆರಡು ಸಲ ನೋಡಬೇಕಾಗುತ್ತಿತ್ತು. ಎರಡಕ್ಕೂ ಇರುವ ವ್ಯತ್ಯಾಸ ನಡುವಿನ ಒಂದು ಚುಕ್ಕೆ. ಅದು ಕಾಣದಿದ್ದರೆ ನನ್ನ ಕೆಲಸವೇ ಇಲ್ಲ.

ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋದೆ. ನೀವೂ ಅಲ್ಲಿಂದಲೇ ಶುರುಮಾಡಿ. ಕನ್ನಡಕದ ನಂಬರ್ ಸರಿಯಾಗಿತ್ತು, ಕಣ್ಣು ಒಣಗಿದೆ ಎಂದರು. ಸ್ಕ್ರೀನ್ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದಂತೆ. ಆಮೇಲೆ ಮಾನಿಟರ್ ಕಡೆ ತಿರುಗಿದೆ.

ಬ್ರೈಟ್‌ನೆಸ್ 100ರಲ್ಲಿತ್ತು. ಕೊಂಡ ದಿನದಿಂದ ಅದನ್ನು ಮುಟ್ಟಿಯೇ ಇರಲಿಲ್ಲ. ಮಳೆಗಾಲದಲ್ಲಿ ಇಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲು. ಆ ಕತ್ತಲಲ್ಲಿ ಟ್ಯೂಬ್‌ಲೈಟೂ ಹಾಕದೆ ಅಷ್ಟು ಬೆಳಕನ್ನು ದಿಟ್ಟಿಸುತ್ತಿದ್ದೆ. ಒಂದು ಬಿಳಿ ಹಾಳೆಯನ್ನು ಸ್ಕ್ರೀನ್ ಪಕ್ಕ ಹಿಡಿದೆ. ಸ್ಕ್ರೀನಿನ ಬಿಳಿ, ಹಾಳೆಯ ಬಿಳಿ ಹೆಚ್ಚುಕಡಿಮೆ ಒಂದೇ ಆಗುವವರೆಗೆ ಇಳಿಸಿದೆ. ನನ್ನದು 30ಕ್ಕೆ ಬಂತು, ರಾತ್ರಿ 20 ಸಾಕು. ನಿಮ್ಮ ಕೋಣೆಗೆ ಬೇರೆ ಅಂಕಿ ಬರಬಹುದು. ಅಂಕಿ ನೋಡಬೇಡಿ, ಹಾಳೆ ನೋಡಿ.

ಉರಿ ಕಡಿಮೆಯಾಯಿತು, ಆದರೆ ಒತ್ತಕ್ಷರಗಳು ಇನ್ನೂ ಕಲಸಿಕೊಂಡೇ ಇದ್ದವು. ಅದನ್ನು ಹಿಡಿದದ್ದು ಮಗಳು. "ಅಮ್ಮಾ, ಅಕ್ಷರ ಯಾಕೆ ಇಷ್ಟು ಮಸುಕಾಗಿದೆ?" ಅಂದಳು. ಅಕ್ಷರ ದೊಡ್ಡದಾಗಲಿ ಅಂತ ನಾನು ರೆಸಲ್ಯೂಶನ್ನನ್ನು, ಅಂದರೆ ಚಿತ್ರದ ಚುಕ್ಕೆಗಳ ಲೆಕ್ಕವನ್ನು, 1366×768ಕ್ಕೆ ಇಳಿಸಿದ್ದೆ. ಮಾನಿಟರ್ ಇರುವುದು 1920×1080ರದ್ದು. ಕಡಿಮೆ ಚುಕ್ಕೆಗಳ ಚಿತ್ರವನ್ನು ಅದು ಎಳೆದು ಹಿಗ್ಗಿಸಿ ತೋರಿಸುತ್ತದೆ. ಆಗ ಅಂಚುಗಳು ಮಸುಕಾಗುತ್ತವೆ. ಇಂಗ್ಲಿಷ್ ಅಕ್ಷರಗಳಲ್ಲಿ ಇದು ಅಷ್ಟಾಗಿ ತಿಳಿಯುವುದಿಲ್ಲ. ನಮ್ಮ 'ಷ್ಟ್ರ', 'ಕ್ಷ್ಮ' ಇರುವ ಕಡೆ ಎಲ್ಲ ಗಂಟು ಗಂಟು. ರೆಸಲ್ಯೂಶನ್ ವಾಪಸ್ 1920×1080ಕ್ಕೆ ತಂದು, ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಸ್ಕೇಲ್ 125% ಮಾಡಿದೆವು. ಅಕ್ಷರ ದೊಡ್ಡದೂ ಆಯಿತು, ಚೂಪೂ ಆಯಿತು. ಆಮೇಲೆ ಅಕ್ಷರ ಸ್ಪಷ್ಟವಾಗಿ ಕಾಣಲು ವಿಂಡೋಸ್‌ನಲ್ಲೇ ಇರುವ ಕ್ಲಿಯರ್‌ಟೈಪ್ ತೆರೆದು, ಅದು ತೋರಿಸಿದ ನಮೂನೆಗಳಲ್ಲಿ ಕಣ್ಣಿಗೆ ಹಿತವಾದವನ್ನು ಆರಿಸಿಕೊಂಡೆ.

ಮಾನಿಟರಿನ ಸ್ವಂತ ಮೆನುವಿನಲ್ಲಿ ಶಾರ್ಪ್‌ನೆಸ್ ಜಾಸ್ತಿ ಇತ್ತು. ಜಾಸ್ತಿ ಇದ್ದರೆ ಒಳ್ಳೆಯದು ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ, ಕಪ್ಪು ಅಕ್ಷರದ ಸುತ್ತ ಬಿಳಿ ಗೆರೆ ಮೂಡುತ್ತದೆ. ಆ ಗೆರೆ ಹೋಗುವವರೆಗೆ ಇಳಿಸಿದೆ. ಡೈನಮಿಕ್ ಕಾಂಟ್ರಾಸ್ಟ್ ಆಫ್ ಮಾಡಿದೆ. ಪುಟ ಬದಲಾದಾಗಲೆಲ್ಲ ಬೆಳಕು ತಾನಾಗಿ ಏರಿಳಿಯುವುದು ನಿಂತಿತು.

ಸ್ಕ್ರೀನಿನ ನೀಲಿ ಬೆಳಕು ಕಡಿಮೆ ಮಾಡುವ ವಿಂಡೋಸ್‌ನ ನೈಟ್ ಲೈಟ್ ರಾತ್ರಿ ಹಾಕುತ್ತೇನೆ, ಹಳದಿ ಬೆಳಕು ನನಗೆ ಹಿತ. ಆದರೆ ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ಸುಮ್ನೆ ದುಡ್ಡು ಹಾಕಬೇಡಿ ಅಂತಲೇ ನಾನು ಹೇಳುವುದು. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ 17 ಪ್ರಯೋಗಗಳನ್ನು ನೋಡಿತು. ಮಾಮೂಲಿ ಕನ್ನಡಕಕ್ಕಿಂತ ಅದು ಕಣ್ಣಿನ ದಣಿವನ್ನು ಕಡಿಮೆ ಮಾಡುತ್ತದೆ ಎನ್ನಲು ಆಧಾರ ಸಿಗಲಿಲ್ಲ.

ಇನ್ನು ಜಾಗದ ವಿಷಯ. ಕಿಟಕಿ ನನ್ನ ಬೆನ್ನ ಹಿಂದಿತ್ತು, ಅದರ ಬಿಂಬ ಸ್ಕ್ರೀನಿನ ಮೇಲೆಯೇ ಬೀಳುತ್ತಿತ್ತು. ಒಂದು ಬೆಡ್‌ರೂಮಿನ ಮನೆಯಲ್ಲಿ ಟೇಬಲ್ ತಿರುಗಿಸುವುದು ಸುಲಭವಲ್ಲ, ಮಂಚವನ್ನೂ ಎಳೆಯಬೇಕಾಯಿತು. ಈಗ ಕಿಟಕಿ ಎಡಗಡೆಗಿದೆ. ಸ್ಕ್ರೀನ್ ತೋಳಿನಷ್ಟು ದೂರದಲ್ಲಿದೆ. ಎತ್ತರಕ್ಕೆ ಅಂತ ಮಾನಿಟರ್ ಕೆಳಗೆ ಎರಡು ದಪ್ಪ ನಿಘಂಟು ಇಟ್ಟಿದ್ದೆ. ನನ್ನದು ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿರುವ ಪ್ರೋಗ್ರೆಸಿವ್ ಕನ್ನಡಕ, ಹತ್ತಿರದ ನೋಟ ಗಾಜಿನ ಕೆಳಭಾಗದಲ್ಲಿ. ಗದ್ದ ಎತ್ತಿ ಎತ್ತಿ ಓದುತ್ತಿದ್ದೆ, ಕತ್ತು ಹಿಡಿಯುತ್ತಿತ್ತು. ನಿಘಂಟು ತೆಗೆದೆ, ಕತ್ತಿನ ನೋವೂ ಹೋಯಿತು.

20 ನಿಮಿಷಕ್ಕೊಮ್ಮೆ 20 ಅಡಿ ದೂರಕ್ಕೆ 20 ಸೆಕೆಂಡ್ ನೋಡಿ ಅನ್ನುತ್ತಾರೆ. ನಮ್ಮ ಮನೆಯೊಳಗೆ 20 ಅಡಿ ಎಲ್ಲಿದೆ? ಕಿಟಕಿಯಿಂದ ಎದುರು ಬಿಲ್ಡಿಂಗಿನ ನೀರಿನ ಟ್ಯಾಂಕ್ ನೋಡುತ್ತೇನೆ. ಮಳೆ ಬಿಟ್ಟಾಗ ಅದರ ಮೇಲೆ ಪಾರಿವಾಳಗಳು ಸಾಲಾಗಿ ಬಂದು ಕೂರುತ್ತವೆ. ಅವನ್ನು ಎಣಿಸಿ ಮುಗಿಸಿ ಮತ್ತೆ ಕರಡಿಗೆ ಬರುತ್ತೇನೆ.