ಕೆನಡಾದಲ್ಲಿ ಎಂಜಿನಿಯರ್ ಪರವಾನಗಿ: ನಿಮ್ಮ ಅನುಭವವನ್ನು ಬರೆದು ತೋರಿಸುವ ಬಗೆ

ದಾವಣಗೆರೆಯಲ್ಲೋ ಸುರತ್ಕಲ್‌ನಲ್ಲೋ ಬಿ.ಇ. ಮುಗಿಸಿ, ಹತ್ತಾರು ವರ್ಷ ಸೇತುವೆ, ಸಬ್‌ಸ್ಟೇಷನ್, ನೀರಿನ ಟ್ಯಾಂಕುಗಳ ಕೆಲಸ ಮಾಡಿ ಕೆನಡಾಕ್ಕೆ ಬಂದವರಿಗೆ ಪರೀಕ್ಷೆ ಬರೆಯುವುದು ಕಷ್ಟವಲ್ಲ. ಅದು ನಮಗೆ ಚಿಕ್ಕಂದಿನಿಂದ ರೂಢಿ. ಅವರು ಎಡವುವುದು ಮಾಡಿದ ಕೆಲಸವನ್ನು ತಾವೇ ಬರೆದು ತೋರಿಸಬೇಕಾದ ಹಂತದಲ್ಲಿ. ಅಂತಹ ಕರಡುಗಳನ್ನು ಓದಿ ಹೇಳಿ ಎಂದು ಹೊಸಬರು ನನಗೆ ಕಳಿಸುತ್ತಲೇ ಇರುತ್ತಾರೆ. ಕೆಲಸ ಬಲ್ಲ ಎಂಜಿನಿಯರುಗಳು ಕೆಲಸ ಬಾರದವರಂತೆ ಬರೆದುಕೊಂಡಿರುವುದನ್ನು ಕಂಡು ಸಂಕಟವಾಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ಉಳಿದ ಹಂತಗಳಿಗೆ ಸ್ವಲ್ಪ, ಆ ಒಂದು ಹಂತಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಂತ 1: ಯಾವ ಪ್ರಾಂತ್ಯ ಎಂದು ತೀರ್ಮಾನಿಸಿ

ಕೆನಡಾದಲ್ಲಿ ಪ್ರೊಫೆಷನಲ್ ಎಂಜಿನಿಯರ್, ಅಂದರೆ ಪಿ.ಎಂಜ್. ಪರವಾನಗಿ ಕೊಡುವುದು ಕೇಂದ್ರ ಸರ್ಕಾರವಲ್ಲ. ಪ್ರಾಂತ್ಯ ಮತ್ತು ಪ್ರದೇಶಗಳ ಹನ್ನೆರಡು ನಿಯಂತ್ರಣ ಸಂಸ್ಥೆಗಳು ಕೊಡುತ್ತವೆ. ಒಂಟಾರಿಯೊದಲ್ಲಿ ಪಿಇಒ, ಆಲ್ಬರ್ಟಾದಲ್ಲಿ ಅಪೆಗಾ, ಕ್ವಿಬೆಕ್‌ನಲ್ಲಿ ಒಐಕ್ಯೂ, ಹೀಗೆ. ಎಂಜಿನಿಯರ್ಸ್ ಕೆನಡಾ ಈ ಸಂಸ್ಥೆಗಳ ಒಕ್ಕೂಟವಷ್ಟೇ, ಅಲ್ಲಿ ಅರ್ಜಿ ಹಾಕುವಂತಿಲ್ಲ. ನೀವು ಕೆಲಸ ಮಾಡುವ ಪ್ರಾಂತ್ಯದಲ್ಲೇ ಅರ್ಜಿ ಹಾಕಿ.

ಎಲ್ಲರಿಗೂ ಪರವಾನಗಿ ಬೇಕೆಂದಿಲ್ಲ. ಒಂಟಾರಿಯೊದಲ್ಲಿ ಕಾರ್ಖಾನೆಯ ಉದ್ಯೋಗಿಯೊಬ್ಬರು ತಮ್ಮ ಮಾಲೀಕರ ಉತ್ಪಾದನಾ ಯಂತ್ರಗಳ ಮೇಲೆ ಮಾಡುವ ಕೆಲಸಕ್ಕೆ ಕಾನೂನಿನಲ್ಲೇ ವಿನಾಯಿತಿ ಇದೆ. ಆಲ್ಬರ್ಟಾ 2023ರಲ್ಲಿ ಕಾಯ್ದೆ ತಿದ್ದಿ 'ಸಾಫ್ಟ್‌ವೇರ್ ಎಂಜಿನಿಯರ್' ಎಂಬ ಹುದ್ದೆಯ ಹೆಸರನ್ನು ಪರವಾನಗಿ ಇಲ್ಲದವರೂ ಬಳಸಬಹುದೆಂದಿತು. ಆದರೆ ಕಟ್ಟಡ, ಸೇತುವೆ, ನೀರು, ವಿದ್ಯುತ್ ಕ್ಷೇತ್ರದವರಿಗೆ ನನ್ನ ಸಲಹೆ ಒಂದೇ: ಪರವಾನಗಿ ಪಡೆಯಿರಿ, ಬಂದ ಮೊದಲ ವರ್ಷದಲ್ಲೇ ಅದರ ತಯಾರಿ ಶುರುಮಾಡಿ. ಅಲ್ಲಿಯವರೆಗೆ ವಿಸಿಟಿಂಗ್ ಕಾರ್ಡಿನಲ್ಲಾಗಲಿ ಲಿಂಕ್ಡ್‌ಇನ್‌ನಲ್ಲಾಗಲಿ ಹೆಸರಿನ ಮುಂದೆ 'ಎಂಜಿನಿಯರ್' ಎಂದು ಹಾಕಬೇಡಿ. ಊರಿನಲ್ಲಿ ಅದು ಪದವಿಯ ಗುರುತು, ಇಲ್ಲಿ ಕಾನೂನು ಕಾಯುವ ಬಿರುದು. 'ಡಿಸೈನರ್', 'ಪ್ರಾಜೆಕ್ಟ್ ಕೋಆರ್ಡಿನೇಟರ್' ಎಂಬ ಹೆಸರಿನ ಕೆಲಸ ಸಿಕ್ಕರೆ ಹಿಂಜರಿಯಬೇಡಿ, ಅಲ್ಲಿನ ಅನುಭವವೂ ಮುಂದೆ ಲೆಕ್ಕಕ್ಕೆ ಬರುತ್ತದೆ.

ಹಂತ 2: ಪದವಿಯ ದಾಖಲೆ

ಅಂಕಪಟ್ಟಿಗಳು ವಿಶ್ವವಿದ್ಯಾಲಯದಿಂದಲೇ ನೇರವಾಗಿ ಹೋಗಬೇಕು. ವಿಟಿಯು ಟ್ರಾನ್ಸ್‌ಕ್ರಿಪ್ಟ್ ಮತ್ತು ಪಠ್ಯಕ್ರಮದ ಪ್ರತಿಯನ್ನು ಊರು ಬಿಡುವ ಮೊದಲೇ ತೆಗೆದಿಟ್ಟುಕೊಳ್ಳಿ. ವಲಸೆಗಾಗಿ ಮಾಡಿಸಿದ ಪದವಿ ಮೌಲ್ಯಮಾಪನ ವರದಿಯೇ ಪರವಾನಗಿಗೂ ಸಾಕೆಂದು ಭಾವಿಸಬೇಡಿ, ಎರಡರ ಉದ್ದೇಶ ಬೇರೆ.

ಸದಸ್ಯ ದೇಶಗಳು ಪರಸ್ಪರರ ಎಂಜಿನಿಯರಿಂಗ್ ಪದವಿಯ ಮಾನ್ಯತೆಯನ್ನು ಸಮಾನವೆಂದು ಒಪ್ಪುವ ವಾಷಿಂಗ್ಟನ್ ಒಪ್ಪಂದದ ಬಗ್ಗೆ ತಪ್ಪು ತಿಳಿವಳಿಕೆ ಬಹಳ ಇದೆ. ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಭಾರತದ ಎನ್‌ಬಿಎ ಮಂಡಳಿ ಅದರ ಪೂರ್ಣ ಸದಸ್ಯತ್ವ ಪಡೆದದ್ದು 2014ರಲ್ಲಿ. ಅದಕ್ಕೆ ಒಳಪಡುವುದು ಟಿಯರ್-1 ಮಾನ್ಯತೆಯ, ಅಂದರೆ ಸ್ವಾಯತ್ತ ಸಂಸ್ಥೆಗಳ ಕೋರ್ಸ್‌ಗಳು ಮಾತ್ರ. ಸ್ವಾಯತ್ತವಲ್ಲದ ಕಾಲೇಜಿನಲ್ಲಿ ಓದಿದವರು, 2014ಕ್ಕೆ ಮೊದಲು ಮುಗಿಸಿದವರು ಅದನ್ನು ನೆಚ್ಚಿಕೊಳ್ಳಬಾರದು. ನಿಮ್ಮ ಪದವಿಯನ್ನು ನೋಡಿ ಪ್ರಾಂತ್ಯದ ಸಂಸ್ಥೆ ಪರೀಕ್ಷೆಗಳನ್ನು ಗೊತ್ತುಮಾಡಿದರೆ ಅವಮಾನವೆಂದು ತಿಳಿಯದೆ ಬರೆದುಬಿಡಿ. ನಿಮ್ಮ ಪ್ರಾಂತ್ಯ ಎಂಜಿನಿಯರಿಂಗ್ ಮೂಲಪಾಠಗಳ ಮೇಲೆ ನಡೆಯುವ ಅಮೆರಿಕದ ಎಫ್‌ಇ ಪರೀಕ್ಷೆಯನ್ನು ಒಪ್ಪುವುದಾದರೆ ಅದನ್ನೇ ಆರಿಸಿಕೊಳ್ಳಿ. 110 ಪ್ರಶ್ನೆ, ಒಟ್ಟು ಆರು ಗಂಟೆಯ ಅವಧಿ, ಸೂತ್ರಗಳ ಕೈಪಿಡಿ ಪರದೆಯ ಮೇಲೇ ಇರುತ್ತದೆ. ಕಾಲೇಜು ಬಿಟ್ಟು ಬಹಳ ವರ್ಷವಾದವರಿಗೆ, ಒಂದೊಂದೇ ವಿಷಯದ ದೀರ್ಘ ಪರೀಕ್ಷೆಗಳಿಗಿಂತ ಇದು ಎಷ್ಟೋ ಮೇಲು.

ಹಂತ 3: ವೃತ್ತಿ ಪರೀಕ್ಷೆ

ಕಾನೂನು ಮತ್ತು ವೃತ್ತಿನೀತಿಯ ಎನ್‌ಪಿಪಿಇ ಪರೀಕ್ಷೆಯಲ್ಲಿ 110 ಬಹುಆಯ್ಕೆ ಪ್ರಶ್ನೆಗಳು, ಎರಡೂವರೆ ಗಂಟೆ. ಕ್ವಿಬೆಕ್‌ನಲ್ಲಿ ಮಾತ್ರ ಬೇರೆ ಪರೀಕ್ಷೆ. ವೃತ್ತಿನೀತಿ ನಮ್ಮವರಿಗೆ ಸುಲಭ. ಕರಾರು ಕಾನೂನು ಮತ್ತು ನಿರ್ಲಕ್ಷ್ಯದ ಹೊಣೆಯ ಅಧ್ಯಾಯಗಳನ್ನು ಮಾತ್ರ ಎರಡು ಸಲ ಓದಿ. 'ನಿಜವಾದ ಪರೀಕ್ಷೆಯ ಪ್ರಶ್ನೆಗಳು' ಎಂದು ವಾಟ್ಸ್‌ಆ್ಯಪ್‌ನಲ್ಲಿ ಮಾರುವ ಪಿಡಿಎಫ್‌ಗಳನ್ನು ಮುಟ್ಟಬೇಡಿ. ವೃತ್ತಿನೀತಿಯ ಪರೀಕ್ಷೆಯನ್ನೇ ಕದ್ದ ಪ್ರಶ್ನೆಯಿಂದ ಗೆಲ್ಲುವುದು ಎಂತಹ ಆರಂಭ?

ಹಂತ 4: ಅನುಭವವನ್ನು ಬರೆಯುವುದು

ಒಂಟಾರಿಯೊ, ಬ್ರಿಟಿಷ್ ಕೊಲಂಬಿಯಾ ಮುಂತಾದೆಡೆ ಅನುಭವವನ್ನು ಅಳೆಯುವುದು ಏಳು ವಿಭಾಗಗಳ 34 ಸಾಮರ್ಥ್ಯಗಳ ಮೂಲಕ. ಆಲ್ಬರ್ಟಾದಲ್ಲಿ ಇವು 22. ಏಳು ವಿಭಾಗಗಳೆಂದರೆ ತಾಂತ್ರಿಕ ಸಾಮರ್ಥ್ಯ, ಸಂವಹನ, ಯೋಜನೆ ಮತ್ತು ಹಣಕಾಸಿನ ನಿರ್ವಹಣೆ, ತಂಡದ ಕೆಲಸ, ವೃತ್ತಿಯ ಹೊಣೆ, ಸಮಾಜ-ಪರಿಸರ, ನಿರಂತರ ಕಲಿಕೆ. ತಾಂತ್ರಿಕ ವಿಭಾಗವೊಂದರಲ್ಲೇ ಹತ್ತು ಸಾಮರ್ಥ್ಯಗಳಿವೆ. ಪ್ರತಿಯೊಂದಕ್ಕೂ ನಿಮ್ಮ ಕೆಲಸದಿಂದ ಒಂದು ಉದಾಹರಣೆಯನ್ನು ಮೂರು ಭಾಗವಾಗಿ ಬರೆಯಬೇಕು: ಸನ್ನಿವೇಶ, ನೀವು ಮಾಡಿದ್ದು, ಫಲಿತಾಂಶ. ಅಂಕ 0ಯಿಂದ 5. ತಾಂತ್ರಿಕ ವಿಭಾಗದಲ್ಲಿ ಸರಾಸರಿ 3 ಬರಬೇಕು. ಯೋಜನೆ-ಹಣಕಾಸು ಮತ್ತು ಸಮಾಜ-ಪರಿಸರದ ವಿಭಾಗಗಳಲ್ಲಿ 2 ಸಾಕು.

ಕೆನಡಾದಲ್ಲೇ ಒಂದು ವರ್ಷ ಕೆಲಸ ಮಾಡಿರಬೇಕೆಂಬ ನಿಯಮವನ್ನು ಒಂಟಾರಿಯೊ 2023ರಲ್ಲಿ ತೆಗೆದುಹಾಕಿತು. ಅಲ್ಲಿ ಬೇಕಾದ 48 ತಿಂಗಳ ಅನುಭವವನ್ನು ಹುಬ್ಬಳ್ಳಿಯ ಕೆಲಸದಿಂದಲೂ ತೋರಿಸಬಹುದು. ಅಂದರೆ ಇಡೀ ಭಾರ ಈಗ ನಿಮ್ಮ ಬರವಣಿಗೆಯ ಮೇಲಿದೆ.

ಮೊದಲು ಅರ್ಜಿಯ ಜಾಲತಾಣ ತೆರೆಯಬೇಡಿ. ಒಂದು ನೋಟ್‌ಬುಕ್ ತೆಗೆದುಕೊಂಡು, ಕೆಲಸಕ್ಕೆ ಸೇರಿದಂದಿನಿಂದ ಮಾಡಿದ ಯೋಜನೆಗಳನ್ನು ಪಟ್ಟಿ ಮಾಡಿ. ಪ್ರತಿ ಯೋಜನೆಯ ಕೆಳಗೆ ಒಂದೇ ಪ್ರಶ್ನೆಗೆ ಉತ್ತರಿಸಿ: ಇಲ್ಲಿ ನಾನು ಯಾವ ತೀರ್ಮಾನ ತೆಗೆದುಕೊಂಡೆ, ಇನ್ನೊಂದು ದಾರಿಯನ್ನು ಏಕೆ ಬಿಟ್ಟೆ? ಉತ್ತರ ಹೊಳೆಯದ ಯೋಜನೆ ಎಷ್ಟೇ ದೊಡ್ಡದಿರಲಿ, ಮೆಟ್ರೊ ಆಗಿರಲಿ ವಿಮಾನ ನಿಲ್ದಾಣವಾಗಿರಲಿ, ಅದನ್ನು ಬಿಡಿ. ಸಣ್ಣ ಊರಿನ ಟ್ಯಾಂಕಿನಲ್ಲಿ ನಿಮ್ಮದೇ ತೀರ್ಮಾನವಿದ್ದರೆ ಅದೇ ಒಳ್ಳೆಯ ಉದಾಹರಣೆ.

ನನ್ನ ಕೈಗೆ ಬರುವ ಕರಡುಗಳು ಹೆಚ್ಚಾಗಿ ಈ ಬಗೆಯವು:

"ಗದಗ ಜಿಲ್ಲೆಯ ಓವರ್‌ಹೆಡ್ ಟ್ಯಾಂಕ್ ಯೋಜನೆಯಲ್ಲಿ ನಮ್ಮ ತಂಡ ಐಎಸ್ ಸಂಹಿತೆಗಳ ಪ್ರಕಾರ ಅಡಿಪಾಯದ ವಿನ್ಯಾಸ ಮಾಡಿತು. ಎಲ್ಲ ಸುರಕ್ಷತಾ ಕ್ರಮಗಳನ್ನು ಪಾಲಿಸಲಾಯಿತು. ಕಾಮಗಾರಿ ಯಶಸ್ವಿಯಾಗಿ ಪೂರ್ಣಗೊಂಡಿತು."

ಇದರಲ್ಲಿ ಸುಳ್ಳಿಲ್ಲ, ಆದರೆ ಎಂಜಿನಿಯರೂ ಇಲ್ಲ. ಯಾರು ಏನು ಯೋಚಿಸಿದರು ಎಂಬುದು ಓದುವವರಿಗೆ ತಿಳಿಯದು. 'ನಾನು ಮಾಡಿದೆ' ಎನ್ನಲು ಸಂಕೋಚಪಡುವುದು ನಮ್ಮ ಸಂಸ್ಕಾರ. ಮೇಲಧಿಕಾರಿಯ ಕೆಲಸವನ್ನು ತನ್ನದೆಂದು ಹೇಳಿಕೊಂಡಂತಾಗುತ್ತದೆ ಎಂಬ ಅಳುಕೂ ಇರುತ್ತದೆ. ಇಲ್ಲಿ ಆ ಸಂಕೋಚವನ್ನು ಬದಿಗಿಡಿ. ಅಧಿಕಾರಿ ಸಹಿ ಹಾಕಿದ್ದರೆ 'ಕಾರ್ಯನಿರ್ವಾಹಕ ಎಂಜಿನಿಯರ್ ಅನುಮೋದಿಸಿದರು' ಎಂದು ಬರೆಯಿರಿ. ಲೆಕ್ಕ ನಿಮ್ಮದಾಗಿದ್ದರೆ 'ಲೆಕ್ಕ ನಾನು ಮಾಡಿದೆ' ಎಂದು ಬರೆಯಿರಿ. ಎರಡೂ ನಿಜ.

ಅದೇ ಕೆಲಸವನ್ನು ಹೀಗೆ ಬರೆಯಬಹುದು:

"50,000 ಲೀಟರ್ ಟ್ಯಾಂಕಿನ ಜಾಗದಲ್ಲಿ ಎರೆಮಣ್ಣು ಇತ್ತು. ಸಲಹೆಗಾರರ ನಕ್ಷೆಯಲ್ಲಿ ಬಿಡಿ ಫುಟಿಂಗ್‌ಗಳಿದ್ದವು. ಮಣ್ಣು ಪರೀಕ್ಷೆಯ ವರದಿಯನ್ನು ನಾನು ಪರಿಶೀಲಿಸಿದಾಗ ಹಿಗ್ಗುವಿಕೆಯ ಸೂಚ್ಯಂಕ ಹೆಚ್ಚಿರುವುದು ಕಂಡಿತು. ಮಳೆಗಾಲ ಬೇಸಿಗೆಗಳಲ್ಲಿ ಮಣ್ಣು ಹಿಗ್ಗಿ ಕುಗ್ಗುವ ಪದರ 3 ಮೀಟರಿಗೂ ಕೆಳಗೆ ಹೋಗಿತ್ತು. ಕಂಬಗಳು ಬೇರೆ ಬೇರೆ ಪ್ರಮಾಣದಲ್ಲಿ ಕುಸಿದು ಟ್ಯಾಂಕ್ ವಾಲುವ ಅಪಾಯವಿದೆಯೆಂದು ಬರಹದಲ್ಲಿ ತಿಳಿಸಿದೆ. ರಾಫ್ಟ್ ಮತ್ತು ಅಂಡರ್‌ರೀಮ್ಡ್ ಪೈಲ್ ಎರಡನ್ನೂ ಲೆಕ್ಕ ಹಾಕಿದೆ. ರಾಫ್ಟ್ ಆ ಪದರದ ಮೇಲೆಯೇ ಕೂರುತ್ತಿದ್ದುದರಿಂದ ಅದನ್ನು ಬಿಟ್ಟು, ಐಎಸ್ 2911ರ ಮೂರನೆಯ ಭಾಗದ ಪ್ರಕಾರ ಪೈಲ್‌ಗಳ ಆಳ ಮತ್ತು ಬಲ್ಬ್‌ನ ವ್ಯಾಸ ನಿರ್ಧರಿಸಿದೆ. ಕಾರ್ಯನಿರ್ವಾಹಕ ಎಂಜಿನಿಯರ್ ಅನುಮೋದಿಸಿದರು. ಟ್ಯಾಂಕ್ ತುಂಬಿಸಿ ನೋಡಿದಾಗ ಕಂಬಗಳ ಮಟ್ಟದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ."

(ಬಿಡಿ ಫುಟಿಂಗ್ ಎಂದರೆ ಪ್ರತಿ ಕಂಬಕ್ಕೂ ಬೇರೆ ಪಾದ, ರಾಫ್ಟ್ ಎಂದರೆ ಎಲ್ಲ ಕಂಬಗಳಿಗೂ ಒಂದೇ ಚಪ್ಪಡಿ, ಅಂಡರ್‌ರೀಮ್ಡ್ ಪೈಲ್ ಎಂದರೆ ತುದಿಯ ಬಳಿ ಬಲ್ಬಿನಂತೆ ಉಬ್ಬಿದ ಆಳದ ಕಂಬ.) ಅಪಾಯ ಯಾವುದು, ಆಯ್ಕೆಗಳು ಯಾವುವು, ಬಿಟ್ಟದ್ದೇಕೆ, ಕೊನೆಗೆ ಏನಾಯಿತು ಎಂಬುದೆಲ್ಲ ಇಲ್ಲಿದೆ. ಅಂಕ ಬರುವುದು ಇದಕ್ಕೇ. ಫಲಿತಾಂಶವನ್ನು 'ಯಶಸ್ವಿ' ಎಂಬ ಒಂದೇ ಪದದಲ್ಲಿ ಮುಗಿಸುವುದು ನಾನು ಅತಿ ಹೆಚ್ಚು ಕಾಣುವ ದೋಷ. ಅಳತೆ, ಉಳಿತಾಯ, ತಪ್ಪಿದ ಅಪಾಯ, ಏನಾದರೊಂದನ್ನು ಬರೆಯಿರಿ.

ಉತ್ತರವನ್ನು ಸ್ವತಂತ್ರವಾಗಿ ತಾಳೆ ನೋಡುವ ಸಾಮರ್ಥ್ಯವೂ ತಾಂತ್ರಿಕ ವಿಭಾಗದಲ್ಲಿದೆ. 'ಸ್ಟಾಡ್‌ನಲ್ಲಿ ಮಾದರಿ ಮಾಡಿದೆ' ಎಂದು ಕಟ್ಟಡ ವಿನ್ಯಾಸದ ಸಾಫ್ಟ್‌ವೇರಿನ ಹೆಸರಷ್ಟೇ ಬರೆದರೆ ಅದು ಸಾಫ್ಟ್‌ವೇರಿನ ಸಾಮರ್ಥ್ಯವಾಗುತ್ತದೆ. ಒಂದು ತೊಲೆಯ ಬೆಂಡಿಂಗ್ ಮೊಮೆಂಟನ್ನು (ಭಾರವು ತೊಲೆಯನ್ನು ಬಾಗಿಸುವ ಪ್ರಮಾಣದ ಅಳತೆ) ಕೈಲೆಕ್ಕದಲ್ಲಿ ತೆಗೆದು ಹೋಲಿಸಿದ್ದನ್ನು, ವ್ಯತ್ಯಾಸ ಕಂಡಾಗ ಮಾದರಿಯ ಆಧಾರಗಳನ್ನು ಮತ್ತೆ ಪರೀಕ್ಷಿಸಿದ್ದನ್ನು ಬರೆಯಿರಿ.

ಇನ್ನು ಕೆನಡಾದ ಸಂಹಿತೆಗಳು, ಅಂದರೆ ವಿನ್ಯಾಸದ ನಿಯಮಗಳ ಪುಸ್ತಕಗಳು. ಊರಿನ ಅನುಭವವನ್ನು ಬರೆಯುವಾಗಲೂ, ಅದೇ ಕೆಲಸ ಇಲ್ಲಾಗಿದ್ದರೆ ಏನು ಬದಲಾಗುತ್ತಿತ್ತು ಎಂದು ಎರಡು ಸಾಲು ಸೇರಿಸಿ. ನಿಜವಾಗಿ ಓದಿಕೊಂಡು ಸೇರಿಸಿ. ನಮ್ಮ ಕಾಂಕ್ರೀಟ್ ಸಂಹಿತೆ ಐಎಸ್ 456ರಲ್ಲಿ ಕಾಂಕ್ರೀಟಿನ ಬಲವನ್ನು ಘನದ ಮಾದರಿಯಿಂದ ಅಳೆಯುತ್ತಾರೆ, ಇಲ್ಲಿನ ಸಿಎಸ್‌ಎ ಎ23.3ರಲ್ಲಿ ಸಿಲಿಂಡರಿನಿಂದ. ಸಿಲಿಂಡರಿನ ಬಲ ಘನದ್ದರ ಸುಮಾರು ಶೇ 80 ಮಾತ್ರ. ಹಾಗಾಗಿ ಘನದ ಬಲ 25 ಎಂಪಿಎ (ಬಲದ ಮಾನ) ಇರುವ ಎಂ25 ಕಾಂಕ್ರೀಟನ್ನು ಇಲ್ಲಿನ 25 ಎಂಪಿಎ ಎಂದು ಬರೆದವರ ಉತ್ತರ ಅಲ್ಲೇ ಸಿಕ್ಕಿಬೀಳುತ್ತದೆ. ಟೊರಾಂಟೊದಲ್ಲಿ ಚಳಿಗಾಲದ ಹೆಪ್ಪಿನಿಂದ ನೆಲ ಉಬ್ಬುವುದರಿಂದ ಅಡಿಪಾಯವನ್ನು ಸುಮಾರು 1.2 ಮೀಟರ್ ಕೆಳಗಿಳಿಸುತ್ತಾರೆ. ಎರೆಮಣ್ಣಿನ ಉಬ್ಬು ನೋಡಿದವರಿಗೆ ಈ ಉಬ್ಬಿನ ತರ್ಕ ತಟ್ಟನೆ ತಿಳಿಯುತ್ತದೆ. ಅದನ್ನೇ ಬರೆಯಿರಿ, ಅದು ನಿಮ್ಮ ಬಲ.

ಮುದ್ರೆಯ, ಅಂದರೆ ಪರವಾನಗಿ ಪಡೆದ ಎಂಜಿನಿಯರ್ ತಾನು ಹೊಣೆ ಹೊರುವ ನಕ್ಷೆಗೆ ಒತ್ತುವ ಮೊಹರಿನ, ಸರಿಯಾದ ಬಳಕೆ ಗೊತ್ತಿದೆಯೇ ಎಂಬ ಸಾಮರ್ಥ್ಯದ ಮುಂದೆ ಬಹಳ ಮಂದಿ ಕೈಚೆಲ್ಲುತ್ತಾರೆ. ವೈದ್ಯರಿಗೆ, ವಕೀಲರಿಗೆ ಇರುವಂತಹ ಪರವಾನಗಿ ಭಾರತದಲ್ಲಿ ಎಂಜಿನಿಯರಿಗೆ ರಾಷ್ಟ್ರಮಟ್ಟದಲ್ಲಿ ಇಲ್ಲವಲ್ಲ. ಇಲ್ಲಿಗಾಗಿ ಕಥೆ ಕಟ್ಟಬೇಡಿ. ನಕ್ಷೆಗೆ ಅನುಮೋದನೆ ಹೇಗೆ ಸಿಗುತ್ತಿತ್ತು, ಪರಿಷ್ಕೃತ ನಕ್ಷೆ ಬಂದಾಗ ಹಳೆಯದು ನಿವೇಶನದಲ್ಲಿ ಉಳಿಯದಂತೆ ಏನು ಮಾಡಿದಿರಿ ಎಂಬುದನ್ನು ಬರೆದು, ಆಮೇಲೆ ನಿಮ್ಮ ಪ್ರಾಂತ್ಯದ ಮುದ್ರೆಯ ಮಾರ್ಗಸೂಚಿ ಏನು ಹೇಳುತ್ತದೆ ಎಂದು ವಿವರಿಸಿ.

ಹಣ ಕೊಟ್ಟರೆ 34 ಉತ್ತರಗಳನ್ನೂ ಬರೆದುಕೊಡುವ ಏಜೆಂಟರಿದ್ದಾರೆ. ಅವರು ಕೊಟ್ಟ ಉತ್ತರಗಳನ್ನು ನಾನು ಓದಿದ್ದೇನೆ. ಹೆಸರು, ಊರು ಮಾತ್ರ ಬೇರೆ, ಉಳಿದದ್ದು ಒಂದೇ ಅಚ್ಚು. ಎಐ ಬರೆದ ಉತ್ತರಗಳೂ ಅಷ್ಟೇ, ವಾಕ್ಯ ನುಣುಪು, ಒಳಗೆ ಅಳತೆಯಿಲ್ಲ. ಭಾಷೆಯ ತಪ್ಪು ತಿದ್ದಿಸಿಕೊಳ್ಳಲು ಯಾರ ನೆರವನ್ನಾದರೂ ಪಡೆಯಿರಿ. ಕೆಲಸದ ವಿವರ ಮಾತ್ರ ನಿಮ್ಮ ಕೈಯಿಂದಲೇ ಬರಬೇಕು. ನಾಳೆ ಸಂದರ್ಶನಕ್ಕೆ ಕರೆದರೆ ಆ ಉತ್ತರಗಳಿಗೆ ಹೊಣೆ ಹೊರಬೇಕಾದವರು ನೀವೇ.

ಹಂತ 5: ದೃಢೀಕರಿಸುವವರು

ನೀವು ಬರೆದದ್ದನ್ನು, ಆ ಕೆಲಸವನ್ನು ಕಣ್ಣಾರೆ ಕಂಡವರು ದೃಢೀಕರಿಸಿ ತಾವೂ ಅಂಕ ಕೊಡುತ್ತಾರೆ. ಇವರನ್ನು ವ್ಯಾಲಿಡೇಟರ್ ಎನ್ನುತ್ತಾರೆ. ದೊಡ್ಡ ಹುದ್ದೆಯವರ ಬೆನ್ನು ಹತ್ತಬೇಡಿ. ಮುಖ್ಯ ಎಂಜಿನಿಯರ್‌ಗಿಂತ, ನಿಮ್ಮೊಡನೆ ನಿವೇಶನದಲ್ಲಿ ನಿಂತಿದ್ದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಮೇಲು. ಅರ್ಜಿಯಲ್ಲಿ ಅವರ ಹೆಸರು ಹಾಕುವ ಮೊದಲೇ ಫೋನ್ ಮಾಡಿ. "ಸರ್, ಒಂದು ಇಮೇಲ್ ಬರುತ್ತದೆ, ಅದರಲ್ಲಿ ನನ್ನ ಕೆಲಸಕ್ಕೆ ಅಂಕ ಕೊಡಬೇಕಾಗುತ್ತದೆ, ನೀವು ಕಂಡಷ್ಟನ್ನು ಮಾತ್ರ ಬರೆಯಿರಿ" ಎಂದು ಬಿಡಿಸಿ ಹೇಳಿ. ಪ್ರೀತಿಯಿಂದ ಎಲ್ಲದಕ್ಕೂ 5 ಕೊಟ್ಟು, 'ಒಳ್ಳೆಯ ಹುಡುಗ' ಎಂದಷ್ಟೇ ಬರೆದರೆ ನಿಮಗೆ ಉಪಯೋಗವಿಲ್ಲ. ಅವರ ಟಿಪ್ಪಣಿಯಲ್ಲಿ ಕೆಲಸದ ಮಾತಿರಬೇಕು. ನಿವೃತ್ತರಾದವರು ಇಮೇಲ್ ನೋಡುವುದು ಅಪರೂಪವಾದ್ದರಿಂದ ವಾರಕ್ಕೊಮ್ಮೆ ನೆನಪಿಸಿ. ಕೆನಡಾದ ಪಿ.ಎಂಜ್. ಒಬ್ಬರಾದರೂ ನಿಮ್ಮ ಕೆಲಸ ಕಂಡಿದ್ದರೆ ಅವರನ್ನು ತಪ್ಪದೆ ಸೇರಿಸಿ.

ಹಂತ 6: ಸಲ್ಲಿಕೆ ಮತ್ತು ಆಮೇಲೆ

ಅಂತರರಾಷ್ಟ್ರೀಯ ಅರ್ಜಿದಾರರ ನೋಂದಣಿಯ ತೀರ್ಮಾನ ಆರು ತಿಂಗಳೊಳಗೆ ಆಗಬೇಕೆಂಬುದು ಒಂಟಾರಿಯೊದ ಕಾನೂನು, ಆದರೆ ಅರ್ಜಿ ಪೂರ್ಣವಾಗಿರಬೇಕು. ಒಂದು ಕಾಗದ ಕಡಿಮೆಯಿದ್ದರೂ ಎಣಿಕೆ ಶುರುವಾಗದು. ಕೆಲವು ಉತ್ತರಗಳಿಗೆ ಇನ್ನಷ್ಟು ವಿವರ ಕೇಳಿದರೆ ಗಾಬರಿಯಾಗದೆ, ಕೇಳಿದ ಸಾಮರ್ಥ್ಯಕ್ಕೆ ಮಾತ್ರ ಬೇರೆ ಉದಾಹರಣೆ ಬರೆದು ಕಳಿಸಿ.

ಒಂದು ಪ್ರಾಂತ್ಯದ ಪರವಾನಗಿ ಕೈಗೆ ಬಂದರೆ, ಇನ್ನೊಂದು ಪ್ರಾಂತ್ಯಕ್ಕೆ ಹೋದಾಗ ಈ 34 ಉತ್ತರಗಳನ್ನು ಮತ್ತೆ ಬರೆಯಬೇಕಿಲ್ಲ, ವರ್ಗಾವಣೆಯ ಅರ್ಜಿ ಸಾಕು. ಒಂಟಾರಿಯೊದಲ್ಲಿ ನಿರಂತರ ಕಲಿಕೆಯ ವರದಿ 2023ರಿಂದ ಕಡ್ಡಾಯ. ಎಲಿಯಟ್ ಲೇಕ್ ಊರಿನ ಮಾಲ್‌ನ ಛಾವಣಿ 2012ರಲ್ಲಿ ಕುಸಿದು ಇಬ್ಬರು ಸತ್ತ ಬಳಿಕ ನಡೆದ ವಿಚಾರಣೆಯ ಶಿಫಾರಸುಗಳಿಂದ ಬಂದ ನಿಯಮವಿದು, ಅದನ್ನು ಬರಿಯ ಕಾಗದದ ಕೆಲಸವೆಂದು ನೋಡಬೇಡಿ. ಪ್ರತಿ ವರ್ಷ ಓದಿದ್ದನ್ನು, ಕಲಿತದ್ದನ್ನು ಆಗಾಗಲೇ ದಿನಾಂಕ ಹಾಕಿ ಅದೇ ನೋಟ್‌ಬುಕ್‌ನಲ್ಲಿ ಬರೆದಿಡಿ, ಡಿಸೆಂಬರಿನಲ್ಲಿ ವರದಿ ತುಂಬುವಾಗ ಹುಡುಕಾಡಬೇಕಾಗುವುದಿಲ್ಲ.