ಬೇಸಿಗೆ ಪೂರ್ತಿ ಮಳೆ ಹಿಡ್ಕೊಂಡ್ರೆ ಮಲೆನಾಡಿನ ಮನೆ, ತೋಟ ನಿಭಾಯಿಸೋದು ಹೇಗೆ

ಮಲೆನಾಡಲ್ಲಿ ಮಳೆಗಾಲಕ್ಕೆ ಯಾರೂ ಹೆದರಲ್ಲ, ಯಾಕಂದ್ರೆ ಅದಕ್ಕೆ ಬೇಕಾದ ತಯಾರಿ ಎಲ್ಲಾ ಬೇಸಿಗೇಲೇ ಮುಗ್ದಿರುತ್ತೆ. ಕಷ್ಟ ಬರೋದು ಆ ತಯಾರಿ ಮಾಡ್ಬೇಕಾದ ಬೇಸಿಗೇನೇ ಮಳೇಲಿ ಹೋದಾಗ. 2025ರ ಮೇ ತಿಂಗಳು ನೆನಪಿರ್ಬೇಕಲ್ಲ, ರಾಜ್ಯದಲ್ಲಿ ವಾಡಿಕೆ ಪ್ರಕಾರ 74 ಮಿ.ಮೀ. ಬೀಳ್ಬೇಕಾದ ಕಡೆ 219 ಮಿ.ಮೀ. ಬಿತ್ತು, 125 ವರ್ಷದಲ್ಲೇ ಮೇ ತಿಂಗಳಲ್ಲಿ ಇಷ್ಟು ಮಳೆ ಆಗಿರ್ಲಿಲ್ಲ ಅಂತ ಪೇಪರ್ ತುಂಬಾ ಬಂತು, ಅದು ಸಾಲ್ದು ಅಂತ ಜೂನ್ 1ಕ್ಕೆ ಕೇರಳಕ್ಕೆ ಬರ್ಬೇಕಾದ ಮುಂಗಾರು ಮೇ 24ಕ್ಕೇ ಬಂದು 26ಕ್ಕೆ ಮುಂಬೈಯನ್ನೂ ಮುಟ್ಟಿತು. ಎಷ್ಟೋ ಮನೇಲಿ ಸೌದೆ ಇನ್ನೂ ಅಂಗಳದಲ್ಲಿತ್ತು, ಹಪ್ಪಳ ಅರ್ಧ ಆಗಿತ್ತು, ತೋಟಕ್ಕೆ ಔಷಧಿ ಹೊಡೆಯೋದು ಬಾಕಿ ಇತ್ತು.

ಇಂಥಾ ವರ್ಷದಲ್ಲಿ ಮೊದಲು ಬಿಡ್ಬೇಕಾದ್ದು "ನಾಳೆ ಬಿಸಿಲು ಬರುತ್ತೆ, ಆಮೇಲೆ ಮಾಡೋಣ" ಅನ್ನೋ ಲೆಕ್ಕ. ಅದರ ಬದಲು ಮನೇಲಿ ಒಣಗ್ಬೇಕಾದ್ದನ್ನೆಲ್ಲ ಮೂರು ಪಾಲು ಮಾಡ್ಕೊಳ್ಳಿ: ಬಿಸಿಲೇ ಬೇಕು ಅನ್ನೋದು, ಗಾಳಿ ಸಾಕು ಅನ್ನೋದು, ಒಲೆ ಕಾವಲ್ಲಿ ಆಗೋದು. ನಾವು ಬಿಸಿಲು ಬೇಕೇ ಬೇಕು ಅಂದ್ಕೊಂಡಿರೋದ್ರಲ್ಲಿ ಬಹಳಷ್ಟು ಗಾಳಿಗೋ ಕಾವಿಗೋ ಆಗುತ್ತೆ, ಹಂಗಾಗಿ ಸಿಕ್ಕ ಎರಡು ಗಂಟೆ ಬಿಸಿಲನ್ನ ನಿಜವಾಗ್ಲೂ ಬೇಕಾದ ಸಾಮಾನಿಗೆ ಮಾತ್ರ ಇಟ್ಕೋಬಹುದು.

ಬಿಸಿಲು ಯಾವಾಗ ಸಿಗುತ್ತೆ ಅನ್ನೋದಕ್ಕೂ ಒಂದು ಅಂದಾಜಿದೆ. ಏಪ್ರಿಲ್ ಕೊನೆಯಿಂದ ಮೇ ಕೊನೆವರೆಗಿನ ಭರಣಿ, ಕೃತ್ತಿಕೆ ಮಳೆ ಸಾಮಾನ್ಯವಾಗಿ ಗುಡುಗಿನ ಮಳೆ, ಬೆಳಿಗ್ಗೆ ನೆಲ ಕಾದು ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಸಂಜೆ ಸುರಿಯುತ್ತೆ. ಹಂಗಿದ್ದಾಗ ಬೆಳಿಗ್ಗೆ ಏಳೂವರೆಯಿಂದ ಹನ್ನೆರಡು, ಒಂದು ಗಂಟೆವರೆಗೆ ನಿಮ್ದು, ಏನೇ ಒಣಹಾಕೋದಿದ್ರೂ ತಿಂಡಿಗೆ ಮುಂಚೆ ಹಾಕಿ ಊಟಕ್ಕೆ ಮುಂಚೆ ತೆಗೀರಿ. ಗುಡುಗು ನಿಂತು, ಪಶ್ಚಿಮದ ಗಾಳಿ ಬೀಸ್ತಾ ಹೊತ್ತುಗೊತ್ತಿಲ್ಲದೆ ಬೆಳಿಗ್ಗೆಯೂ ರಾತ್ರಿಯೂ ಜಿಟಿಜಿಟಿ ಹಿಡ್ಕೊಂಡ್ರೆ ಅದು ಮುಂಗಾರಿನ ಮಳೆ, ಅಲ್ಲಿಗೆ ಬಿಸಿಲಿನ ಆಸೆ ಬಿಟ್ಟು ಒಲೆ ಕಡೆ ತಿರುಗಿ. ಗುಡುಗಿನ ಮಳೆ ದಿನಗಳಲ್ಲಿ ಸಿಡಿಲಿನ ವಿಷಯ ಮಾತ್ರ ಹಗುರ ಮಾಡ್ಬೇಡಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್ ಇದೆ, 'ದಾಮಿನಿ' ಅಂತ ಇನ್ನೊಂದಿದೆ, ಫೋನಲ್ಲಿ ಒಂದಾದ್ರೂ ಇರ್ಲಿ. ಅಂಗಳದಲ್ಲಿ ಹಪ್ಪಳ ಇದೆ ಅಂತ ಗುಡುಗ್ತಾ ಇರೋವಾಗ ಓಡಬೇಡಿ, ನೆನೆದ್ರೆ ನೆನೀಲಿ.

ಈಗ ಹಪ್ಪಳದ್ದೇ ಮೊದಲು ಹೇಳ್ತೀನಿ, ಯಾಕಂದ್ರೆ ಹೆಚ್ಚು ಹಾಳಾಗೋದು ಅದೇ. ಉದ್ದಿನ ಹಪ್ಪಳಕ್ಕೆ ಬಿಸಿಲು ಅಷ್ಟು ಬೇಡ, ನೆರಳಲ್ಲಿ ಫ್ಯಾನ್ ಕೆಳಗೆ ಆರಿದ್ರೆ ಸಾಕು, ಹಂಗಾಗಿ ಮಳೆ ವರ್ಷದಲ್ಲಿ ಅದನ್ನೇ ಜಾಸ್ತಿ ಮಾಡಿ. ಹಲಸಿನ ಹಪ್ಪಳ ಹಂಗಲ್ಲ, ಹಿಟ್ಟಲ್ಲಿ ನೀರು ಸಿಹಿ ಎರಡೂ ಇರೋದ್ರಿಂದ ಒಂದು ರಾತ್ರಿ ಹಸಿಯಾಗಿ ಉಳಿದ್ರೆ ಹುಳಿ ವಾಸನೆ ಬರುತ್ತೆ, ಮಾರನೇ ದಿನಕ್ಕೆ ಬೂಷ್ಟು. ಮಾಡಲೇಬೇಕು ಅಂದ್ರೆ ಒಂದು ದಿನಕ್ಕೆ ಒಂದು ಹಲಸಿನಕಾಯಿ ಮಾತ್ರ ಕೊಯ್ದು, ಎಂದಿಗಿಂತ ಸಣ್ಣದಾಗಿ ತೆಳ್ಳಗೆ ಒತ್ತಿ, ಮೊದಲ ರಾತ್ರಿ ಫುಲ್ ಸ್ಪೀಡ್ ಫ್ಯಾನ್ ಕೆಳಗೆ ಇಟ್ಟು, ಮಧ್ಯೆ ಒಂದ್ಸಲ ಎದ್ದು ಮಗುಚಿ ಹಾಕಿ, ಬೆಳಿಗ್ಗೆ ಬಿಸಿಲಿದ್ರೆ ಅಂಗಳ ಇಲ್ದಿದ್ರೆ ಒಲೆ ಮೇಲಿನ ಅಟ್ಟ. ಅಟ್ಟದಲ್ಲಿ ಹೊಗೆ ವಾಸನೆ ಹಿಡೀಬಾರ್ದು ಅಂದ್ರೆ ತೆಳ್ಳನೆ ಪಂಚೆ ಮುಚ್ಚಿ. ಮುರಿದ್ರೆ ಚಟ್ ಅಂತ ಶಬ್ದ ಬರ್ಬೇಕು, ಬಗ್ಗಿದ್ರೆ ಡಬ್ಬಿಗೆ ತುಂಬ್ಬೇಡಿ.

ಅರಳು ಸಂಡಿಗೆ, ಮಾಂಬಳ (ಮಾವಿನ ರಸ ಒಣಗಿಸಿ ಮಾಡೋದು) ಇಂಥಾ ವರ್ಷದಲ್ಲಿ ಬಿಟ್ಬಿಡಿ, ಅವು ಗಟ್ಟಿ ಬಿಸಿಲಿನ ಸಾಮಾನು.

ನನ್ನ ಪ್ರಕಾರ ಮಳೆ ಬೇಸಿಗೆಗೆ ಹಲಸಿನಕಾಯಿಯ ಸರಿಯಾದ ದಾರಿ ಉಪ್ಪುಸೊಳೆ. ಕರಾವಳಿ ಕಡೆ ಮನೆಮನೇಲೂ ಮಾಡ್ತಾರೆ, ನಮ್ಮ ಕಡೆ ಹಪ್ಪಳದ ಭರಾಟೇಲಿ ಅಷ್ಟು ಮಾಡಲ್ಲ. ಬಲಿತ ಆದ್ರೆ ಹಣ್ಣಾಗದ ಕಾಯಿ ತಗೊಂಡು ಸೊಳೆ ಬಿಡಿಸಿ ಬೇಳೆ ತೆಗೆದು, ಒಣಗಿದ ಭರಣಿ ತಳಕ್ಕೆ ಒಂದು ಪದರ ಕಲ್ಲುಪ್ಪು, ಮೇಲೆ ಒಂದು ಪದರ ಸೊಳೆ, ಮತ್ತೆ ಉಪ್ಪು, ಹಿಂಗೇ ತುಂಬ್ತಾ ಹೋಗಿ. ಉಪ್ಪಿಗೆ ಜಿಪುಣತನ ಮಾಡಿದ್ರೆ ಕೊಳೆಯುತ್ತೆ. ಮೇಲೆ ತೊಳೆದು ಒಣಗಿಸಿದ ಭಾರದ ಕಲ್ಲಿಡಿ, ಒಂದೆರಡು ದಿನದಲ್ಲಿ ಸೊಳೆ ನೀರು ಬಿಟ್ಟು ಆ ಉಪ್ಪುನೀರಲ್ಲೇ ಮುಳುಗುತ್ತೆ, ಮುಳುಗಿರೋದು ಮುಖ್ಯ, ಮೇಲೆ ತೇಲಿದ್ದು ಕಪ್ಪಾಗಿ ಹಾಳಾಗುತ್ತೆ. ಆಟಿ ತಿಂಗಳಲ್ಲಿ, ಅಂದ್ರೆ ಜುಲೈ-ಆಗಸ್ಟ್ ಹೊತ್ತಿಗೆ, ತರಕಾರಿ ಸಿಗದೇ ಇರೋವಾಗ ಬೇಕಾದಷ್ಟು ತೆಗೆದು ನೀರಲ್ಲಿ ಹಾಕಿಟ್ಟು, ಎರಡ್ಮೂರು ಸಲ ನೀರು ಬದಲಾಯಿಸಿ ಉಪ್ಪು ಬಿಡಿಸಿ ಪಲ್ಯ ಮಾಡಿ, ರೊಟ್ಟಿ ಮಾಡಿ, ಉಂಡ್ಲಕಾಳು ಕರೀರಿ. ಭರಣಿಗೆ ಒದ್ದೆ ಕೈ ಮಾತ್ರ ಹಾಕ್ಬೇಡಿ.

ಮೆಣಸಿನಕಾಯಿ ವಿಷಯಕ್ಕೆ ಬಂದ್ರೆ, ವರ್ಷದ ಖಾರದ ಪುಡಿಗೆ ತಂದ ಬ್ಯಾಡಗಿ ಮೆಣಸನ್ನ ಬಿಸಿಲಿಗೆ ಕಾಯಿಸೋಕೆ ಆಗ್ಲಿಲ್ಲ ಅಂದ್ರೆ ದಪ್ಪ ತಳದ ಬಾಣಲೇಲಿ ಸಣ್ಣ ಉರೀಲಿ ಸ್ವಲ್ಪಸ್ವಲ್ಪನೇ ಗರಿಗರಿ ಮಾಡಿ, ಪೂರ್ತಿ ಆರಿದ ಮೇಲೆ ಮಿಲ್ಲಿಗೆ ಕೊಡಿ. ಒಳಗೆ ಬೂಷ್ಟು ಹಿಡಿದ ಮೆಣಸು, ಶೇಂಗಾ ಯಾವುದೇ ಇದ್ರೂ "ಹುರಿದ್ರೆ ಸರಿಯಾಗುತ್ತೆ" ಅಂತ ಇಟ್ಕೋಬೇಡಿ. ಆ ಬೂಷ್ಟಿನ ವಿಷ, ಅಫ್ಲಾಟಾಕ್ಸಿನ್ ಅಂತಾರಲ್ಲ ಅದು, ಹುರಿಯೋ ಕಾವಿಗೆ ಪೂರ್ತಿ ಹೋಗಲ್ಲ, ಲಿವರ್‌ಗೆ ಕೆಟ್ಟದ್ದು. ಬೇಜಾರಾದ್ರೂ ಎಸೀರಿ, ದನಕ್ಕೂ ಹಾಕ್ಬೇಡಿ.

ಬಟ್ಟೆಗೆ ಬೇಕಾಗಿರೋದು ಗಾಳಿ. ಮೆಷಿನ್ ಇದ್ರೆ ಸ್ಪಿನ್ ಎರಡು ಸಲ ಹಾಕಿ, ಅದಕ್ಕೆ ಆಗೋ ಕರೆಂಟು ಕಮ್ಮಿ, ಬಟ್ಟೆಯಿಂದ ಹೋಗೋ ನೀರು ಜಾಸ್ತಿ. ಹಗ್ಗದ ಮೇಲೆ ಒತ್ತೊತ್ತಾಗಿ ಹಾಕಿದ್ರೆ ಮೂರು ದಿನ ಆದ್ರೂ ಒಣಗಲ್ಲ, ಹಂಗಾಗಿ ಅರ್ಧ ಬಟ್ಟೆ ಇವತ್ತು ಅರ್ಧ ನಾಳೆ ಒಗೀರಿ, ಮಧ್ಯೆ ಗೇಣು ಜಾಗ ಬಿಡಿ, ಪ್ಯಾಂಟು ಒಳಮೈ ಹೊರಗೆ ಮಾಡಿ ಹಾಕಿ. ಮುಗ್ಗಲು ವಾಸನೆ ಬರೋದು ಒದ್ದೆ ತುಂಬಾ ಹೊತ್ತು ಉಳಿದು ಬ್ಯಾಕ್ಟೀರಿಯಾ ಬೆಳೆಯೋದ್ರಿಂದ, ಅದಕ್ಕೆ ಕಂಫರ್ಟ್ ಸುರಿದು ಪ್ರಯೋಜನ ಇಲ್ಲ, ಬಿಸಿನೀರಲ್ಲಿ ನೆನೆಸಿ ಮತ್ತೆ ಒಗೆದು ಬೇಗ ಒಣಗಿಸ್ಬೇಕು. ಬಚ್ಚಲ ಒಲೆ ಇರೋ ಮನೇಲಿ ಮಕ್ಕಳ ಬಟ್ಟೆ ಅಲ್ಲೇ ಮೇಲೆ ಗಳ ಕಟ್ಟಿ ಹಾಕಿ, ಆದ್ರೆ ಬೆಂಕಿಗೆ ತಾಗದಷ್ಟು ಎತ್ತರ ಇರ್ಲಿ, ಯಾರೂ ಇಲ್ಲದಾಗ ಬಿಟ್ಟು ಹೋಗ್ಬೇಡಿ. ಸೌದೆ ನೆನೆದಿದ್ರೆ ದಪ್ಪ ಕೊರಡು ಹಂಗೇ ಇಟ್ಟು ಕಾಯ್ಬೇಡಿ, ತೆಳ್ಳಗೆ ಸೀಳಿ ಅಡ್ಡಡ್ಡ ಪೇರಿಸಿದ್ರೆ ಗಾಳಿ ಆಡಿ ಒಣಗುತ್ತೆ. ಉರಿ ಹಿಡಿಸೋಕೆ ಕರಟ, ಅಡಿಕೆ ಸಿಪ್ಪೆ ಒಂದು ಮೂಟೆ ಒಳಗಿರ್ಲಿ.

ಮನೆ ಸುತ್ತ ವಾರಕ್ಕೊಂದು ಸಲ ಒಂದು ಸುತ್ತು ಹಾಕಿ, ಬಿದ್ದ ಅಡಿಕೆ ಹಾಳೆ, ಕರಟ, ಹಳೇ ಟಯರು, ದನದ ಹಳೇ ಬಾನಿ ಎಲ್ಲಾ ಕವುಚಿ ಹಾಕಿ. ಡೆಂಗ್ಯೂ ಸೊಳ್ಳೆ ಮೊಟ್ಟೆಯಿಂದ ಸೊಳ್ಳೆ ಆಗೋಕೆ ಒಂದು ವಾರದಿಂದ ಹತ್ತು ದಿನ ಬೇಕು, ಅಷ್ಟರಲ್ಲಿ ನೀರು ಚೆಲ್ಲಿದ್ರೆ ಅಲ್ಲಿಗೇ ಮುಗೀತು. ಬಾವಿ ನೀರು ಕಲಕಿ ಬಣ್ಣ ಬದಲಾದ್ರೆ ಕುದಿಸಿ ಆರಿಸಿದ್ದನ್ನೇ ಕುಡೀರಿ. ಕಾಲಲ್ಲಿ ಗಾಯ ಇದ್ರೆ ನಿಂತ ನೀರಲ್ಲಿ ಬರಿಗಾಲಲ್ಲಿ ಓಡಾಡ್ಬೇಡಿ, ಇಲಿಜ್ವರ ಬರೋದು ಹಂಗೇನೇ.

ಇನ್ನು ಅಡಿಕೆ ತೋಟ. ಮಳೇಲಿ ಕಾಯಿ ಕೊಳೆತು ಉದುರಿಸೋ ಕೊಳೆರೋಗಕ್ಕೆ ಮೊದಲ ಔಷಧಿ ಮಳೆ ಹಿಡಿಯೋಕೆ ಮುಂಚೆ ಆಗ್ಬೇಕು, ಆದ್ರೆ ಮೇನಲ್ಲೇ ಮಳೆ ಹಿಡಿದ್ರೆ ಆ 'ಮುಂಚೆ' ಅನ್ನೋದೇ ಇರಲ್ಲ. ಹಂಗಾಗಿ ಕ್ಯಾಲೆಂಡರ್ ನೋಡದೆ ಏಪ್ರಿಲ್ ಕೊನೆಗೇ ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ, ಔಷಧಿ ಕಾಯಿಗೆ ಅಂಟೋಕೆ ಹಾಕೋ ರಾಳ ತಂದಿಟ್ಟು, ಮರ ಹತ್ತಿ ಔಷಧಿ ಹೊಡೆಯೋ ಕೊನೆಗೌಡ್ರ ಹತ್ರ "ಹೊಳವಾದ (ಮಳೆ ಬಿಡುವು ಕೊಟ್ಟ) ದಿನ ಬೆಳಿಗ್ಗೇನೇ ಫೋನ್ ಮಾಡ್ತೀನಿ" ಅಂತ ಮಾತಾಡಿಟ್ಕೊಳ್ಳಿ. ಈ ಔಷಧಿ ಬೋರ್ಡೋ ದ್ರಾವಣ, ಶೇಕಡಾ ಒಂದರದ್ದು ಅಂದ್ರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಒಂದು ಪ್ಲಾಸ್ಟಿಕ್ ಡ್ರಮ್ಮಲ್ಲಿ 50 ಲೀಟರ್ ನೀರಿಗೆ ಮೈಲುತುತ್ತ, ಇನ್ನೊಂದರಲ್ಲಿ 50 ಲೀಟರಿಗೆ ಸುಣ್ಣ ಕರಗಿಸಿ ಸೋಸಿ, ಆಮೇಲೆ ಮೈಲುತುತ್ತದ ನೀರನ್ನ ಸುಣ್ಣದ ನೀರಿಗೆ ನಿಧಾನ ಸುರೀತಾ ಮರದ ಕೋಲಲ್ಲಿ ತಿರುಗಿಸ್ತಾ ಇರಿ, ಸುಣ್ಣವನ್ನ ತುತ್ತದ ಮೇಲೆ ಸುರಿಯೋದಲ್ಲ. ಕಬ್ಬಿಣದ ಪಾತ್ರೆ ಬೇಡ. ಆಕಾಶ ನೀಲಿ ಬಣ್ಣ ಬಂದ ಮೇಲೆ ಹೊಳೆಯೋ ಹಾಗೆ ಉಜ್ಜಿದ ಕಬ್ಬಿಣದ ಚೂರಿಯನ್ನ ಸ್ವಲ್ಪ ಹೊತ್ತು ಅದ್ದಿ ತೆಗೀರಿ. ಅಲಗಿನ ಮೇಲೆ ಕೆಂಪಗೆ ತಾಮ್ರದ ಬಣ್ಣ ಕೂತಿದ್ರೆ ತುತ್ತ ಜಾಸ್ತಿ ಇದೆ ಅಂತ, ಹಂಗೇ ಹೊಡೆದ್ರೆ ಎಳೆಕಾಯಿ ಸುಡುತ್ತೆ, ಇನ್ನೊಂದಿಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ಚೂರಿ ಅದ್ದಿ ನೋಡಿ. ಮಾಡಿದ ದಿನವೇ ಖಾಲಿ ಮಾಡ್ಬೇಕು, ನಾಳೆಗೆ ಇಟ್ರೆ ಶಕ್ತಿ ಇರಲ್ಲ, ಹಂಗಾಗಿ ಮಳೆ ವರ್ಷದಲ್ಲಿ ದೊಡ್ಡ ಡ್ರಮ್ ಕಲಸೋದು ಬಿಟ್ಟು ಒಂದು ಹೊಳವಲ್ಲಿ ಎಷ್ಟು ಮರ ಆಗುತ್ತೋ ಅಷ್ಟಕ್ಕೇ ಕಲಸಿ.

ಅಡಿಕೆ ಗೊನೆಯಿಂದ ನೀರು ತೊಟ್ಟಿಕ್ತಾ ಇರೋವಾಗ ಹೊಡೆದ್ರೆ ಔಷಧಿ ತೆಳುವಾಗಿ ಇಳಿದು ಹೋಗುತ್ತೆ, ಒದ್ದೆ ಮರ ಹತ್ತಿಸೋದಂತೂ ಬೇಡವೇ ಬೇಡ, ಒಂದು ಕೊಯ್ಲು ಹೋದ್ರೆ ಹೋಗ್ಲಿ, ಮನುಷ್ಯರ ಜೀವ ದೊಡ್ಡದು. ನೆಲದಿಂದಲೇ ಹೊಡೆಯೋ ಉದ್ದ ಕೋಲು, ಅಂದ್ರೆ ದೋಟಿ, ಇದ್ರೂ ಗುಡುಗು ಕೇಳಿದ ತಕ್ಷಣ ಕೆಳಗಿಡಿ, ಕರೆಂಟ್ ಲೈನ್ ಹತ್ರ ತರ್ಲೇಬೇಡಿ. ಹೊಡೆಯೋಕೆ ಆಗದ ದಿನ ಬಸಿಗಾಲುವೆ ಹೂಳು ತೆಗೀರಿ, ನೆಲಕ್ಕೆ ಬಿದ್ದ ಕೊಳೆ ಕಾಯಿ ಆರಿಸಿ ತೋಟದಿಂದ ಹೊರಗೆ ಹಾಕಿ, ಅದರಿಂದಾನೂ ರೋಗ ಹರಡುತ್ತೆ. ಎರಡನೇ ಔಷಧಿ 40ರಿಂದ 45 ದಿನಕ್ಕೆ, ಅಂದ್ರೆ ಮೇ ಕೊನೇಲಿ ಮೊದಲನೇದು ಮುಗಿಸಿದವ್ರಿಗೆ ಅದು ಜುಲೈಯಲ್ಲಿ ಪುನರ್ವಸು ಮಳೆ ಜೋರಾಗಿರೋ ಹೊತ್ತಿಗೆ ಬರುತ್ತೆ, ಆಗಿನ ತುತ್ತ ಸುಣ್ಣವನ್ನೂ ಈಗ್ಲೇ ತಂದು ಒದ್ದೆ ತಾಗದ ಕಡೆ ಕಟ್ಟಿಡಿ.